ಎರಡನೆಯ ಬಾರಿ ಬಂದ ಮಿದುಳು ಜ್ವರ: ಕೊಡಗಿನ ಒಂದು ಪ್ರಕರಣ ಅಧ್ಯಯನ

ರೊಬಸ್ಟಾ ಕೊಯ್ಲು ಬಿರುಸಾಗಿದ್ದ ಜನವರಿಯ ಕೊನೆಯ ವಾರದಲ್ಲಿ, ನಾಪೋಕ್ಲು ಕಡೆಯ ಕಾಫಿ ತೋಟವೊಂದರ ರೈಟರ್ (ತೋಟದ ಗುಮಾಸ್ತ) ಅವರ 19 ವರ್ಷದ ಮಗನನ್ನು ಬೆಳಗಿನ ಜಾವ ನಾಲ್ಕೂವರೆಗೆ ತೋಟದ ಜೀಪಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಗೆ ಕರೆತಂದರು. ಹಿಂದಿನ ದಿನ ಸಂಜೆಯವರೆಗೂ ಆತ ಕಣದಲ್ಲಿ ಚೆರಿ ಹರಡುವ ಕೆಲಸ ನೋಡಿಕೊಂಡು ಚೆನ್ನಾಗಿಯೇ ಇದ್ದ. ರಾತ್ರಿ ಊಟದ ಹೊತ್ತಿಗೆ ಚಳಿ ಹಿಡಿದು ಜ್ವರ ಏರಿತು. ಹನ್ನೊಂದು ಗಂಟೆಗೆ ತಲೆ ಸಿಡಿಯುವಂಥ ನೋವು, ಎರಡು ಬಾರಿ ವಾಂತಿ. ಎರಡು ಗಂಟೆಯ ಸುಮಾರಿಗೆ ಮಾತು ತೊದಲಿ, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುವ ಸ್ಥಿತಿ ಬಂದಿತ್ತು. ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷಿಸಿದಾಗ ಜ್ವರ 103 ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ 118, ರಕ್ತದೊತ್ತಡ 104/66 ಇತ್ತು. ಗಲ್ಲವನ್ನು ಎದೆಗೆ ತಾಗಿಸಲು ಹೋದರೆ ಕತ್ತು ಹಲಗೆಯಂತೆ ಬಿಗಿದುಕೊಳ್ಳುತ್ತಿತ್ತು. ಮೊಣಕಾಲಿನ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು ಆರೇಳು ಇದ್ದವು. ಗಾಜಿನ ಲೋಟವನ್ನು ಒತ್ತಿ ಹಿಡಿದು ನೋಡಿದರೂ ಅವು ಮಾಸಲಿಲ್ಲ. ಕೊಡಗಿನಲ್ಲಿ ತೋಟದ ಕೆಲಸದವರಿಗೆ ಜ್ವರ ಬಂದರೆ ಇಲಿ ಜ್ವರ, ಡೆಂಗಿ, ಸ್ಕ್ರಬ್ ಟೈಫಸ್ ಎಂದು ಮನಸ್ಸು ಮೊದಲು ಓಡುವುದು ಸಹಜ. ಆದರೆ ಒತ್ತಿದರೂ ಮಾಸದ ಚುಕ್ಕೆ ಮತ್ತು ಬಿಗಿದ ಕತ್ತು ಒಟ್ಟಿಗೆ ಕಂಡಾಗ ಬೇರೆ ಯೋಚನೆಗೆ ಸಮಯವಿರುವುದಿಲ್ಲ. ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆದ ಕೂಡಲೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಮತ್ತು ಬ್ಯಾಕ್ಟೀರಿಯಾ ಕೊಲ್ಲುವ ಸೆಫ್ಟ್ರಿಯಾಕ್ಸೋನ್ 2 ಗ್ರಾಂ ರಕ್ತನಾಳಕ್ಕೆ ಕೊಟ್ಟು, ಅನಂತರ ಬೆನ್ನಿನ ನೀರು ತೆಗೆದೆವು.

ಆ ನೀರು ತಿಳಿಯಾಗಿರಬೇಕಿತ್ತು, ಅಕ್ಕಚ್ಚಿನಂತೆ ಮಬ್ಬಾಗಿತ್ತು. ಬಿಳಿ ರಕ್ತಕಣಗಳು ಘನ ಮಿಲಿಮೀಟರಿಗೆ 2,400, ಬಹುಪಾಲು ಎಲ್ಲವೂ ಬ್ಯಾಕ್ಟೀರಿಯಾವನ್ನು ನುಂಗುವ ನ್ಯೂಟ್ರೋಫಿಲ್‌ಗಳೇ. ಗ್ಲೂಕೋಸ್ 22 ಮಿಲಿಗ್ರಾಂಗೆ ಇಳಿದಿತ್ತು, ಪ್ರೋಟೀನ್ ಏರಿತ್ತು. ಗ್ರಾಂ ಬಣ್ಣ ಹಾಕಿದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ನ್ಯೂಟ್ರೋಫಿಲ್‌ಗಳ ಒಳಗೂ ಹೊರಗೂ ನಸುಗೆಂಪು ಬಣ್ಣದ ಜೋಡಿ ಬೀಜಗಳು ಕಂಡವು. ಹಣ್ಣಾದ ಕಾಫಿಯನ್ನು ಬೆರಳಲ್ಲಿ ಹಿಸುಕಿದರೆ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ತಾಗಿಸಿಕೊಂಡಿದ್ದ ಎರಡು ಬೀಜ ಹೊರಗೆ ಜಾರುವುದನ್ನು ಇಲ್ಲಿನ ಮಕ್ಕಳೂ ಬಲ್ಲರು. ಮಿದುಳು ಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾಣುವುದು ಹಾಗೆಯೇ. ಮೂರನೆಯ ದಿನ ರಕ್ತದ ಕಲ್ಚರ್‌ನಲ್ಲಿಯೂ ಅದೇ ಬೆಳೆಯಿತು. ಹೊರಕವಚದ ಮೇಲೆ ವಿಂಗಡಿಸುವ ಗುಂಪು ಪರೀಕ್ಷೆಯಲ್ಲಿ ಅದು ವೈ ಗುಂಪಿನದೆಂದು ಗೊತ್ತಾಯಿತು.

ಹುಡುಗ ಎರಡನೆಯ ದಿನ ಸಂಜೆಗೆ ತಾಯಿಯನ್ನು ಗುರುತಿಸಿದ, ನಾಲ್ಕನೆಯ ದಿನ ಗಂಜಿ ಕುಡಿದ, ಏಳು ದಿನದ ಚಿಕಿತ್ಸೆ ಮುಗಿಸಿ ಕಿವಿ ಕೇಳುವುದರಲ್ಲಿಯೂ ಕೊರತೆಯಿಲ್ಲದೆ ಮನೆಗೆ ಹೊರಡಲು ಸಿದ್ಧನಾದ. ಮನೆಯವರಿಗೂ, ಅವನೊಂದಿಗೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಇಬ್ಬರು ಗೆಳೆಯರಿಗೂ ಸೋಂಕು ತಗಲದಂತೆ ಸಿಪ್ರೊಫ್ಲಾಕ್ಸಾಸಿನ್ ಒಂದೊಂದು ಡೋಸ್ ಕೊಟ್ಟೆವು. ಅಲ್ಲಿಗೆ ಇದು ಚೆನ್ನಾಗಿ ಮುಗಿದ ಒಂದು ಪ್ರಕರಣವಾಗಿ ಕಡತ ಸೇರುತ್ತಿತ್ತು.

ಹಳೆಯ ಚೀಟಿ

ಡಿಸ್ಚಾರ್ಜ್ ಬರೆಯುತ್ತಿದ್ದಾಗ ತಾಯಿ ಪ್ಲಾಸ್ಟಿಕ್ ಕವರಿನಿಂದ ಮಡಿಕೆ ಬಿದ್ದ ಕಾಗದವೊಂದನ್ನು ತೆಗೆದು, "ಡಾಕ್ಟ್ರೇ, ಹಿಂದಿನ ಸಲದ್ದು ಇದರ ಜೊತೆಗೇ ಇಟ್ಟುಕೊಳ್ಳಬೇಕಾ?" ಎಂದು ಕೇಳಿದರು. ಹಿಂದಿನ ಸಲ ಎಂದರೆ ಯಾವುದು ಎಂದು ಕೇಳಿದಾಗ ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ವರ್ಷದ ಹಿಂದೆ, ಹುಡುಗನಿಗೆ 15 ವರ್ಷವಿದ್ದಾಗ, ಜಿಲ್ಲೆಯ ಹೊರಗಿನ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಇದ್ದುದರ ಸಾರಾಂಶ ಅದು. ಬ್ಯಾಕ್ಟೀರಿಯಾದ ಮಿದುಳು ಪೊರೆಯ ಉರಿಯೂತ, ಬೆನ್ನಿನ ನೀರಿನಲ್ಲಿ ಗ್ರಾಂ ನೆಗೆಟಿವ್ ಜೋಡಿ ಕಾಕೈ (ಗ್ರಾಂ ಬಣ್ಣದಲ್ಲಿ ನಸುಗೆಂಪಾಗಿ ಕಾಣುವ ಜೋಡಿ ಬ್ಯಾಕ್ಟೀರಿಯಾ), ಕಲ್ಚರ್ ಬೆಳೆಯಲಿಲ್ಲ, ಗುಣಮುಖ ಎಂದಿತ್ತು. ದಾಖಲಾದ ಬೆಳಿಗ್ಗೆ "ಮೊದಲು ಯಾವ ದೊಡ್ಡ ಕಾಯಿಲೆ ಬಂದಿತ್ತು?" ಎಂದು ನಾವು ಕೇಳಿದ್ದೆವು; "ಚಿಕ್ಕವನಿದ್ದಾಗ ಒಮ್ಮೆ ಜ್ವರ ತಲೆಗೇರಿತ್ತು" ಎಂದು ತಂದೆ ಹೇಳಿದ್ದನ್ನು ಕೇಳಿಸಿಕೊಂಡು ಮುಂದೆ ಹೋಗಿದ್ದೆವು. ಜ್ವರ ತಲೆಗೇರುವುದು ಎಂಬ ಮಾತಿನಲ್ಲಿ ಇಡೀ ರೋಗನಿರ್ಣಯ ಅಡಗಿತ್ತು, ಆ ಹೊತ್ತಿನಲ್ಲಿ ನಾನು ಅದನ್ನು ಬಿಡಿಸಿ ಕೇಳಲಿಲ್ಲ.

ಒಬ್ಬರಿಗೆ ಮೆನಿಂಗೊಕಾಕಸ್ ಸೋಂಕು ಒಂದು ಬಾರಿ ಬರುವುದು ದುರದೃಷ್ಟ ಇರಬಹುದು. ಎರಡನೆಯ ಬಾರಿ ಬಂದರೆ ಅದನ್ನು ದುರದೃಷ್ಟವೆಂದು ಬಿಡುವಂತಿಲ್ಲ. ರಕ್ತದ ರಕ್ಷಣಾ ವ್ಯವಸ್ಥೆಯಲ್ಲಿಯೇ ಎಲ್ಲಿಯೋ ತೂತಿದೆ ಎಂದು ತಿಳಿದು ಹುಡುಕಬೇಕು. ವೈ ಗುಂಪಿನ ಬ್ಯಾಕ್ಟೀರಿಯಾ ಎಂಬುದೂ ಅದೇ ಕಡೆಗೆ ಬೆರಳು ಮಾಡುತ್ತಿತ್ತು. ದೆಹಲಿಯಲ್ಲಿ 1985ರಲ್ಲಿ ಮತ್ತು 2005ರಲ್ಲಿ ಕಂಡಂಥ ನಮ್ಮ ದೇಶದ ದೊಡ್ಡ ಹಾವಳಿಗಳು ಎ ಗುಂಪಿನವು. ರಕ್ಷಣೆಯಲ್ಲಿ ಹುಟ್ಟಿನಿಂದಲೇ ಕೊರತೆಯಿರುವವರಲ್ಲಿ ವೈ ಮುಂತಾದ ವಿರಳ ಗುಂಪುಗಳು ಇತರರಿಗಿಂತ ಹೆಚ್ಚಾಗಿ ಕಾಣಿಸುತ್ತವೆ.

ಆ ರಾತ್ರಿ ರಕ್ತದಲ್ಲಿ ಏನು ನಡೆಯಬೇಕಿತ್ತು

ಮೆನಿಂಗೊಕಾಕಸ್ ಅಪರೂಪದ ಅತಿಥಿಯೇನಲ್ಲ. ಆರೋಗ್ಯವಂತರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ಗಂಟಲಿನ ಹಿಂಭಾಗದಲ್ಲಿ ಅದು ತೊಂದರೆ ಕೊಡದೆ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಕೆಲವು ಬ್ಯಾಕ್ಟೀರಿಯಾಗಳು ಪೊರೆ ದಾಟಿ ರಕ್ತಕ್ಕೆ ಇಳಿದರೂ ನಮಗೆ ಗೊತ್ತಾಗದಂತೆ ಅಲ್ಲಿಯೇ ಸಾಯುತ್ತವೆ. ಸಾಯಿಸುವ ಕೆಲಸ ಬಿಳಿ ರಕ್ತಕಣಗಳದ್ದು ಮಾತ್ರ ಎಂಬ ತಿಳಿವಳಿಕೆ ಓದಿದವರಲ್ಲಿಯೂ ಇದೆ. ಆದರೆ ಕಣಗಳನ್ನೆಲ್ಲ ತೆಗೆದ ಬರೀ ಸೀರಮ್ಮಿಗೂ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿಯಿದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಜೂಲ್ ಬೋರ್ಡೆ 1895ರಲ್ಲಿ ತೋರಿಸಿದ್ದು ಇದನ್ನೇ: ಪ್ರತಿಕಾಯಗಳಿರುವ ಸೀರಮ್ಮನ್ನು 56 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಕೊಲ್ಲುವ ಗುಣ ಹೋಗುತ್ತದೆ, ಅದಕ್ಕೆ ಕಾಯಿಸದ ಮಾಮೂಲಿ ಸೀರಮ್ಮನ್ನು ಸ್ವಲ್ಪ ಸೇರಿಸಿದರೆ ಆ ಗುಣ ಮರಳುತ್ತದೆ. ಬಿಸಿಗೆ ಕೆಡದ ಪ್ರತಿಕಾಯಕ್ಕೆ ಬಿಸಿಗೆ ಕೆಡುವ ಇನ್ನೊಂದರ ನೆರವು ಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. ಬೋರ್ಡೆಗೆ 1919ರ ನೊಬೆಲ್ ಪ್ರಶಸ್ತಿ ಬಂತು. ಆ ಇನ್ನೊಂದಕ್ಕೆ ಪಾಲ್ ಏರ್ಲಿಖ್ ಕೊಟ್ಟ ಕಾಂಪ್ಲಿಮೆಂಟ್, ಅಂದರೆ ಪೂರಕ, ಎಂಬ ಹೆಸರು ಉಳಿಯಿತು. ಬಿಸಿಗೆ ಕೆಡುವ ಈ ಗುಣ ಮುಂದೆ ನಮ್ಮನ್ನೂ ಕಾಡಿತು. ಆ ಮಾತು ಆಮೇಲೆ.

ಪೂರಕ ಎಂದು ಒಂದೇ ಹೆಸರಿದ್ದರೂ ಅದು ಒಂದು ವಸ್ತುವಲ್ಲ. ಬಹುಪಾಲು ಯಕೃತ್ತಿನಲ್ಲಿ ತಯಾರಾಗಿ, ರಕ್ತದಲ್ಲಿ ನಿಷ್ಕ್ರಿಯವಾಗಿ ಹರಿಯುತ್ತಿರುವ ಹಲವಾರು ಪ್ರೋಟೀನುಗಳ ಸರಣಿ ಅದು. ಇವುಗಳಿಗೆ ಕಣ್ಣಿಲ್ಲ, ಮಿದುಳಿಲ್ಲ. ಆದರೂ ಬ್ಯಾಕ್ಟೀರಿಯಾ ಯಾವುದು, ನಮ್ಮ ಜೀವಕೋಶ ಯಾವುದು ಎಂಬುದನ್ನು ಬಿಡಿಸಿ ನೋಡುತ್ತವೆ. ಅದು ಹೇಗೆ ಎಂಬ ಪ್ರಶ್ನೆಯೇ ಈ ಪ್ರಕರಣದ ತಿರುಳು.

ಮೊದಲ ದಾರಿ ಪ್ರತಿಕಾಯದ ಮೂಲಕ ಹೋಗುತ್ತದೆ. ಬ್ಯಾಕ್ಟೀರಿಯಾದ ಮೈಮೇಲೆ ಪ್ರತಿಕಾಯಗಳು ಹತ್ತಿರ ಹತ್ತಿರ ಕುಳಿತಾಗ, ಆರು ತಲೆಗಳ ಹೂಗೊಂಚಲಿನಂತಿರುವ ಸಿ1ಕ್ಯೂ ಎಂಬ ಪ್ರೋಟೀನು ತನ್ನ ತಲೆಗಳನ್ನು ಅವುಗಳ ಬಾಲಕ್ಕೆ ತಾಗಿಸುತ್ತದೆ. ಒಂಟಿ ಪ್ರತಿಕಾಯಕ್ಕೆ ಅದರ ಹಿಡಿತ ತೀರ ಸಡಿಲ. ಹಲವು ತಲೆಗಳು ಒಟ್ಟಿಗೆ ಕೂತರೆ ಮಾತ್ರ ಬಿಗಿ. ರಕ್ತದಲ್ಲಿ ಬಿಡಿಬಿಡಿಯಾಗಿ ತೇಲುವ ಕೋಟಿಗಟ್ಟಲೆ ಪ್ರತಿಕಾಯಗಳನ್ನು ಕಂಡು ಅದು ಕೆರಳದಿರುವುದಕ್ಕೆ ಕಾರಣ ಇದೇ.

ಎರಡನೆಯ ದಾರಿಗೆ ಪ್ರತಿಕಾಯವೇ ಬೇಡ. ಮ್ಯಾನೋಸ್ ಹಿಡಿಯುವ ಲೆಕ್ಟಿನ್ ಮತ್ತು ಅದರ ಬಂಧುಗಳಾದ ಫೈಕೋಲಿನ್‌ಗಳು ಸಕ್ಕರೆಯ ವಿನ್ಯಾಸವನ್ನು ಓದುತ್ತವೆ. ನಮ್ಮ ಜೀವಕೋಶಗಳ ಮೇಲಿನ ಸಕ್ಕರೆ ಸರಪಣಿಗಳ ತುದಿಯಲ್ಲಿ ಸಾಮಾನ್ಯವಾಗಿ ಸಯಾಲಿಕ್ ಆಮ್ಲವೋ ಗ್ಯಾಲಕ್ಟೋಸೋ ಇರುತ್ತದೆ. ಬಹಳಷ್ಟು ಸೂಕ್ಷ್ಮಜೀವಿಗಳ ಮೈಮೇಲೆ ಮ್ಯಾನೋಸ್, ಎನ್ ಅಸಿಟೈಲ್ ಗ್ಲೂಕೋಸಮೈನ್ ಮುಂತಾದವು ಒತ್ತೊತ್ತಾಗಿ ಹರಡಿರುತ್ತವೆ. ಲೆಕ್ಟಿನ್‌ನ ಹಲವು ತಲೆಗಳಿಗೆ ಒಂದೇ ಬಾರಿಗೆ ಹಿಡಿ ಸಿಗುವುದು ಆ ಒತ್ತಾದ ಹರವಿನ ಮೇಲೆ ಮಾತ್ರ.

ಇಲ್ಲಿ ಸಿಆರ್‌ಪಿ (ಸಿ ರಿಯಾಕ್ಟಿವ್ ಪ್ರೋಟೀನ್) ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ತಾಲ್ಲೂಕಿನ ಲ್ಯಾಬಿನಲ್ಲಿಯೂ ಆಗುವ ಈ ಪರೀಕ್ಷೆಯನ್ನು ನಾವು ಉರಿಯೂತದ ಅಳತೆಗೋಲು ಎಂದಷ್ಟೇ ಎಣಿಸಿದ್ದೇವೆ. ಈ ಹುಡುಗನಲ್ಲಿ ಅದು ಲೀಟರಿಗೆ 180 ಮಿಲಿಗ್ರಾಂ ದಾಟಿತ್ತು. ಆದರೆ 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಅದನ್ನು ಕಂಡುಹಿಡಿದದ್ದೇ, ನ್ಯುಮೋನಿಯಾ ರೋಗಿಗಳ ಸೀರಮ್ಮಿನಲ್ಲಿರುವ ಏನೋ ಒಂದು ನ್ಯುಮೊಕಾಕಸ್ಸಿನ ಸಕ್ಕರೆಯನ್ನು ಹಿಡಿದು ಗಟ್ಟಿಯಾಗಿಸುತ್ತದೆ ಎಂಬ ಕಾರಣದಿಂದ. ಅದು ಹಿಡಿಯುವುದು ಫಾಸ್ಫೊಕೋಲಿನ್ ಎಂಬ ಗುಂಪನ್ನು. ಹಿಡಿದ ಮೇಲೆ ಸಿ1ಕ್ಯೂವನ್ನೂ ಕರೆಯುತ್ತದೆ. ಅಂದರೆ ರೋಗವನ್ನು ಅಳೆಯಲು ನಾವು ಬಳಸುವ ವಸ್ತುವೇ ರೋಗಾಣುವನ್ನು ಗುರುತಿಸುವ ಪ್ರೋಟೀನೂ ಹೌದು.

ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಸೋಜಿಗದ್ದು. ಪೂರಕಗಳ ನಡುವಿನ ಕಂಬವಾದ ಸಿ3 ಎಂಬ ಪ್ರೋಟೀನು ಪ್ರತಿ ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು ಒಂದು ಮಿಲಿಗ್ರಾಮಿನಷ್ಟಿದೆ. ಅದರ ಒಳಗೆ ಥಯೋಎಸ್ಟರ್ ಎಂಬ ಬಂಧವೊಂದು ಬಚ್ಚಿಟ್ಟ ಕೊಕ್ಕೆಯಂತೆ ಇರುತ್ತದೆ. ಯಾವ ಪ್ರಚೋದನೆಯೂ ಇಲ್ಲದೆ ಸ್ವಲ್ಪ ಸಿ3 ಸದಾ ತಾನಾಗಿಯೇ ತೆರೆದುಕೊಳ್ಳುತ್ತಿರುತ್ತದೆ. ಅದರಿಂದ ಹುಟ್ಟುವ ಸಿ3ಬಿ ತುಣುಕು ಪಕ್ಕದಲ್ಲಿ ಸಿಕ್ಕಿದ ಮೇಲ್ಮೈಗೆ ಕೊಕ್ಕೆ ಹಾಕುತ್ತದೆ, ಅದು ನಮ್ಮದಾಗಲಿ ಬ್ಯಾಕ್ಟೀರಿಯಾದ್ದಾಗಲಿ. ವ್ಯತ್ಯಾಸ ಆಮೇಲೆ ಆಗುತ್ತದೆ. ನಮ್ಮ ಜೀವಕೋಶದ ಮೇಲಿನ ಸಯಾಲಿಕ್ ಆಮ್ಲವನ್ನು ಕಂಡು ಫ್ಯಾಕ್ಟರ್ ಎಚ್ ಎಂಬ ರಕ್ತದ ಪ್ರೋಟೀನು ಬಂದು ಆ ಸಿ3ಬಿಯನ್ನು ನಂದಿಸುತ್ತದೆ. ನಂದಿಸುವವರು ಯಾರೂ ಬಾರದ ಮೇಲ್ಮೈಯಲ್ಲಿ ಒಂದು ಸಿ3ಬಿ ಇನ್ನಷ್ಟು ಸಿ3ಯನ್ನು ಸೀಳಿಸಿ, ನಿಮಿಷಗಳಲ್ಲಿ ಮೈತುಂಬ ಸಿ3ಬಿ ಅಂಟುತ್ತದೆ. ಶತ್ರುವಿನ ಗುರುತನ್ನು ಹುಡುಕುವುದಕ್ಕಿಂತ, ತನ್ನವರ ಗುರುತು ಇಲ್ಲದಿರುವುದನ್ನು ಗಮನಿಸುವ ಕ್ರಮ ಇದು.

ಮೆನಿಂಗೊಕಾಕಸ್ಸಿಗೆ ಈ ಕ್ರಮದ ಗುಟ್ಟು ತಿಳಿದಂತಿದೆ. ಬಿ ಗುಂಪಿನದು ನಮ್ಮದೇ ಜೀವಕೋಶಗಳಂತೆ ಸಯಾಲಿಕ್ ಆಮ್ಲದ ಕವಚ ಹೊದ್ದಿರುತ್ತದೆ. ವೈ ಗುಂಪಿನ ಕವಚದಲ್ಲಿಯೂ ಸಯಾಲಿಕ್ ಆಮ್ಲವಿದೆ. ಅದರ ಹೊರಪೊರೆಯಲ್ಲಿರುವ ಒಂದು ಪ್ರೋಟೀನಂತೂ ಹರಿಯುವ ರಕ್ತದಿಂದ ನಮ್ಮ ಫ್ಯಾಕ್ಟರ್ ಎಚ್ ಅನ್ನೇ ಹಿಡಿದು ಮೈಮೇಲೆ ಕೂರಿಸಿಕೊಳ್ಳುತ್ತದೆ. ಇಷ್ಟೆಲ್ಲ ವೇಷ ಹಾಕಿದರೂ ಆರೋಗ್ಯವಂತ ರಕ್ತ ಅದನ್ನು ಸಾಮಾನ್ಯವಾಗಿ ಸೋಲಿಸುತ್ತದೆ. ಸೋಲಿಸುವುದು ಕೊನೆಯ ಹಂತದಲ್ಲಿ.

ಮೂರೂ ದಾರಿಗಳು ಸಿ3ರಲ್ಲಿ ಕೂಡಿ, ಅಲ್ಲಿಂದ ಎರಡು ಕೆಲಸ ಕವಲೊಡೆಯುತ್ತವೆ. ಸಿ3ಬಿ ಅಂಟಿದ ಬ್ಯಾಕ್ಟೀರಿಯಾವನ್ನು ನ್ಯೂಟ್ರೋಫಿಲ್‌ಗಳು ಸುಲಭವಾಗಿ ಹಿಡಿದು ನುಂಗುತ್ತವೆ. ಇನ್ನೊಂದು ಕಡೆ ಸಿ5 ಸೀಳಿ, ಅದರ ತುಣುಕಿಗೆ ಸಿ6, ಸಿ7, ಸಿ8 ಒಂದಾದ ಮೇಲೊಂದು ಸೇರಿ, ಕೊನೆಗೆ ಹಲವಾರು ಸಿ9 ಉಂಗುರವಾಗಿ ಜೋಡಿಸಿಕೊಂಡು ಬ್ಯಾಕ್ಟೀರಿಯಾದ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ದಪ್ಪ ಗೋಡೆಯ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ ಈ ರಂಧ್ರ ನಾಟುವುದಿಲ್ಲ. ಗ್ರಾಂ ನೆಗೆಟಿವ್‌ಗಳಲ್ಲಿಯೂ ಹಲವು ತಮ್ಮ ಹೊರಪೊರೆಯ ಮೇಲೆ ಉದ್ದನೆಯ ಸಕ್ಕರೆ ಸರಪಣಿ ಬೆಳೆಸಿಕೊಂಡು ಉಂಗುರವನ್ನು ಪೊರೆಯಿಂದ ದೂರ ಇಡುತ್ತವೆ. ಮೆನಿಂಗೊಕಾಕಸ್ಸಿನ ಸರಪಣಿ ಗಿಡ್ಡ. ಹಾಗಾಗಿ ಅದನ್ನು ಕೊಲ್ಲುವಲ್ಲಿ ಈ ರಂಧ್ರವೇ ಮುಖ್ಯ. ಸಿ5ರಿಂದ ಸಿ9ರವರೆಗೆ ಒಂದು ಕೊಂಡಿ ಇಲ್ಲದವರು ಉಳಿದ ಬಹುಪಾಲು ಕಾಯಿಲೆಗಳಲ್ಲಿ ಎಲ್ಲರಂತೆಯೇ ಇದ್ದು, ಇದಕ್ಕೆ ಇತರರಿಗಿಂತ ಸಾವಿರ ಪಟ್ಟಿಗೂ ಮೀರಿ ಈಡಾಗುವುದು ಈ ಕಾರಣದಿಂದ. ರಕ್ತದ ಕೆಲವು ಕಾಯಿಲೆಗಳಿಗೆ ಸಿ5ನ್ನು ಬೇಕೆಂದೇ ತಡೆಯುವ ಎಕುಲಿಜುಮಾಬ್ ಔಷಧ 2007ರಲ್ಲಿ ಬಳಕೆಗೆ ಬಂದ ಮೇಲೆ, ಅದನ್ನು ಪಡೆಯುವವರಿಗೂ ಇದೇ ಸೋಂಕಿನ ಭಯವಿದೆ ಎಂಬುದು ಈ ತಿಳಿವಳಿಕೆಗೆ ಬಲವಾದ ಸಾಕ್ಷಿಯಾಯಿತು.

ಕೆಟ್ಟ ಮಾದರಿ, ಒಳ್ಳೆಯ ಮಾದರಿ

ಸೋಂಕಿನ ಬಿಸಿಯಲ್ಲಿ ಪೂರಕಗಳು ಖರ್ಚಾಗಿರುವ ಸಾಧ್ಯತೆಯಿದ್ದುದರಿಂದ ಆರು ವಾರ ಕಾದು, ಮಾರ್ಚ್ ತಿಂಗಳ ಹೂಮಳೆಯ ಹೊತ್ತಿಗೆ ಹುಡುಗನನ್ನು ಮತ್ತೆ ಕರೆಸಿದೆವು. ಸಿ3 ಮತ್ತು ಸರಣಿಯ ಇನ್ನೊಂದು ಪ್ರೋಟೀನಾದ ಸಿ4 ಎರಡೂ ಸಹಜವಾಗಿದ್ದವು. ಬಹಳ ಕಡೆ ಪರೀಕ್ಷೆ ಇಲ್ಲಿಗೇ ನಿಂತು, ಪೂರಕಗಳು ಸರಿಯಾಗಿವೆ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಆ ಎರಡು ಪ್ರೋಟೀನುಗಳ ಪ್ರಮಾಣ ಸರಿಯಿದೆ ಎಂದರೆ ಸರಣಿ ಕೊನೆಯವರೆಗೆ ಓಡುತ್ತದೆ ಎಂದು ಅರ್ಥವಲ್ಲ. ಅದಕ್ಕೆ ಸಿಎಚ್50 ಎಂಬ ಪರೀಕ್ಷೆ ಬೇಕು: ಕುರಿಯ ಕೆಂಪು ರಕ್ತಕಣಗಳಿಗೆ ಪ್ರತಿಕಾಯ ಅಂಟಿಸಿ, ರೋಗಿಯ ಸೀರಮ್ಮನ್ನು ಬೆರೆಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಕಣಗಳು ಒಡೆಯುತ್ತವೆಯೇ ನೋಡುವುದು.

ಈ ಪರೀಕ್ಷೆ ನಮ್ಮಲ್ಲಿ ಆಗುವುದಿಲ್ಲ. ಮೊದಲ ಮಾದರಿಯನ್ನು ಮಂಜಿನ ಚೀಲದಲ್ಲಿಟ್ಟು ಸಂಜೆಯ ಬಸ್ಸಿಗೆ ಹಾಕಿದೆ. ಅದು ಪ್ರಯೋಗಾಲಯ ತಲುಪಿದ್ದು ಮಾರನೆಯ ದಿನ ಮಧ್ಯಾಹ್ನ, ಚೀಲ ನೀರಾದ ಮೇಲೆ. ಉತ್ತರ ಸೊನ್ನೆ ಎಂದು ಬಂತು. ಆ ಸೊನ್ನೆಯನ್ನು ನಂಬುವಂತಿರಲಿಲ್ಲ; ಬಿಸಿಗೆ ಕೆಡುವುದೇ ಪೂರಕದ ಗುಣ ಎಂದು 1895ರಿಂದಲೂ ಗೊತ್ತಿದೆ, ಹಾಗಿರುವಾಗ ಕೆಟ್ಟ ಮಾದರಿಯೂ ಸೊನ್ನೆಯನ್ನೇ ತೋರಿಸುತ್ತದೆ. ನಾನು ಮಾಡಿದ ಈ ತಪ್ಪಿನಿಂದ ಹುಡುಗ ಇನ್ನೊಮ್ಮೆ ನಾಪೋಕ್ಲುವಿನಿಂದ ಬಂದು ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಎರಡನೆಯ ಬಾರಿ ರಕ್ತ ಹೆಪ್ಪುಗಟ್ಟಿದ ತಕ್ಷಣ ಸೀರಮ್ ಬೇರ್ಪಡಿಸಿ, ಒಣ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹುದುಗಿಸಿ, ರೈಲು ಹಳಿಯೇ ಇಲ್ಲದ ಜಿಲ್ಲೆಯಾದ್ದರಿಂದ ಕಾರಿನಲ್ಲಿಯೇ ಕಳುಹಿಸಿದೆವು. ಅದರ ಜೊತೆಗೆ ಆಸ್ಪತ್ರೆಯ ಆರೋಗ್ಯವಂತ ಸಿಬ್ಬಂದಿಯೊಬ್ಬರ ಸೀರಮ್ಮನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ದಾರಿಯಲ್ಲಿ ಕೆಟ್ಟರೆ ಎರಡೂ ಕೆಡಬೇಕು.

ಪ್ರಯೋಗಾಲಯದವರು ಎರಡು ನಳಿಕೆಗಳ ಚಿತ್ರವನ್ನು ಫೋನಿಗೆ ಕಳುಹಿಸಿದರು. ಸಿಬ್ಬಂದಿಯ ನಳಿಕೆ ದಾಳಿಂಬೆ ರಸದಂತೆ ಮೇಲಿನಿಂದ ಕೆಳಗಿನವರೆಗೆ ಒಂದೇ ಕೆಂಪು. ಹುಡುಗನ ನಳಿಕೆಯಲ್ಲಿ ಮೇಲೆಲ್ಲ ತಿಳಿನೀರು, ತಳದಲ್ಲಿ ಒಡೆಯದೆ ಕುಳಿತ ಕಣಗಳ ಕೆಂಪು ಗುಂಡಿ. ಪ್ರತಿಕಾಯವಿಲ್ಲದ ಮೂರನೆಯ ದಾರಿಯನ್ನು ನೋಡಲು ಮೊಲದ ರಕ್ತಕಣಗಳನ್ನು ಬಳಸುತ್ತಾರೆ. ಕುರಿಯ ಕಣಗಳ ಮೇಲೆ ಸಯಾಲಿಕ್ ಆಮ್ಲ ಹೆಚ್ಚಿರುವುದರಿಂದ ಅವು ಫ್ಯಾಕ್ಟರ್ ಎಚ್ ನೆರವಿನಿಂದ ಆ ದಾರಿಯಲ್ಲಿ ಪಾರಾಗುತ್ತವೆ, ಮೊಲದವು ಪಾರಾಗುವುದಿಲ್ಲ. ಹುಡುಗನ ಸೀರಮ್ಮಿನಲ್ಲಿ ಮೊಲದ ಕಣಗಳೂ ಒಡೆಯಲಿಲ್ಲ. ಎರಡೂ ದಾರಿ ಸೊನ್ನೆ, ಸಿ3 ಸಹಜ. ಹಾಗಾದರೆ ಕೊರತೆ ಇರುವುದು ದಾರಿಗಳು ಕೂಡಿದ ಮೇಲೆ, ಸಿ5ರಿಂದ ಮುಂದೆ. ಒಂದೊಂದೇ ಶುದ್ಧ ಪ್ರೋಟೀನನ್ನು ಸೇರಿಸಿ ನೋಡಿದಾಗ ಸಿ6 ಹಾಕಿದ ನಳಿಕೆ ಮಾತ್ರ ಕೆಂಪಾಯಿತು. ಅವನ ರಕ್ತದಲ್ಲಿ ಸಿ6 ಇರಲೇ ಇಲ್ಲ.

ಇದರ ಅರ್ಥವನ್ನು ಬಿಡಿಸಿ ಹೇಳುತ್ತೇನೆ. ಆ ರಾತ್ರಿ ಅವನ ರಕ್ತ ಬ್ಯಾಕ್ಟೀರಿಯಾವನ್ನು ಗುರುತಿಸದೆ ಹೋಗಿರಲಿಲ್ಲ. ಸಿ1ಕ್ಯೂ, ಲೆಕ್ಟಿನ್, ಸಿ3 ಎಲ್ಲವೂ ಇದ್ದವು. ನ್ಯೂಟ್ರೋಫಿಲ್‌ಗಳು ನುಂಗುತ್ತಲೂ ಇದ್ದವು, ಗಾಜಿನ ಮೇಲೆ ನಾವೇ ಕಂಡಿದ್ದೇವೆ. ಗುರುತಿಸಿದ ಮೇಲೆ ಕೊಲ್ಲುವ ಸರಣಿಯಲ್ಲಿ ಒಂದು ಕೊಂಡಿ ಕಳಚಿತ್ತು. ಇಂಥವರಲ್ಲಿ ರೋಗ ಮರುಕಳಿಸಿದರೂ ಸಾವಿನ ಪ್ರಮಾಣ ಇತರರಿಗಿಂತ ಕಡಿಮೆ. ಪೊರೆ ಒಡೆಯದ ಕಾರಣ ರಕ್ತಕ್ಕೆ ಒಮ್ಮೆಲೇ ಸುರಿಯುವ ಒಳವಿಷವೂ ಕಡಿಮೆ ಎಂಬ ವಿವರಣೆ ಅದಕ್ಕಿದೆ.

ಮನೆಯವರೊಂದಿಗೆ

ಫಲಿತಾಂಶ ಹೇಳಿದಾಗ ತಾಯಿ, "ಅವನ ರಕ್ತದಲ್ಲಿ ಶಕ್ತಿಯೇ ಇಲ್ಲವಾ ಡಾಕ್ಟ್ರೇ? ಚಿಕ್ಕಂದಿನಲ್ಲಿ ಸರಿಯಾಗಿ ಊಟ ಹಾಕಲಿಲ್ಲವಾ ನಾನು?" ಎಂದು ಕೇಳಿದರು. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳುವುದು ಆ ದಿನದ ಅತಿ ಮುಖ್ಯ ಚಿಕಿತ್ಸೆಯಾಗಿತ್ತು. ಸಿ6 ತಯಾರಿಸುವ ಜೀನ್ 5ನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ಕೊರತೆ ಬರುತ್ತದೆ. ಆಕೆ ಗಂಡನಿಗೆ ಸೋದರಮಾವನ ಮಗಳು. ಹಿರಿಯರು ಪ್ರೀತಿಯಿಂದ ಮಾಡಿದ ಸಂಬಂಧವನ್ನು ಯಾರೂ ದೂರುವಂತಾಗಬಾರದು ಎಂದು, ಸಂಬಂಧದಲ್ಲಿ ಮದುವೆಯಾಗದವರ ಮಕ್ಕಳಲ್ಲಿಯೂ ಇದು ಬರುತ್ತದೆ ಎಂಬುದನ್ನೂ ಒತ್ತಿ ಹೇಳಿದೆ.

ಅಷ್ಟರಲ್ಲಿ ತಂದೆ, "ಹಾಗಾದರೆ ಇವನ ತಂಗಿಗೂ ಇರಬಹುದಾ ಸಾರ್?" ಎಂದರು. ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇತ್ತು. ಒಂದು ದಿನವೂ ಹಾಸಿಗೆ ಹಿಡಿಯದ, ಹಾಕಿ ಆಡುವ 14 ವರ್ಷದ ಆ ಹುಡುಗಿಯ ನಳಿಕೆಯ ತಳದಲ್ಲಿಯೂ ಅದೇ ಕೆಂಪು ಗುಂಡಿ ಕುಳಿತಿತ್ತು.

ಇಬ್ಬರಿಗೂ ಎ, ಸಿ, ಡಬ್ಲ್ಯೂ, ವೈ ಗುಂಪುಗಳ ಲಸಿಕೆಯನ್ನು ಎಂಟು ವಾರಗಳ ಅಂತರದಲ್ಲಿ ಎರಡು ಬಾರಿ ಕೊಟ್ಟೆವು. ರಂಧ್ರ ಕೊರೆಯಲಾಗದ ರಕ್ತಕ್ಕೆ ಲಸಿಕೆಯಿಂದ ಏನು ಪ್ರಯೋಜನ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಲಸಿಕೆಯಿಂದ ಪ್ರತಿಕಾಯ ಹೆಚ್ಚುತ್ತದೆ, ಪ್ರತಿಕಾಯದಿಂದ ಸಿ1ಕ್ಯೂ ಮೂಲಕ ಬ್ಯಾಕ್ಟೀರಿಯಾದ ಮೇಲೆ ಸಿ3ಬಿ ದಟ್ಟವಾಗುತ್ತದೆ, ಆಗ ನ್ಯೂಟ್ರೋಫಿಲ್‌ಗಳು ಬೇಗ ಬೇಗ ನುಂಗುತ್ತವೆ. ಮುಚ್ಚಿದ ಕವಲನ್ನು ತೆರೆಯಲಾಗದು. ತೆರೆದಿರುವ ಕವಲನ್ನು ಅಗಲಿಸಬಹುದು. ಆದರೂ ರಕ್ಷಣೆ ಪೂರ್ಣವಲ್ಲ. ಆದ್ದರಿಂದ ಜ್ವರದೊಂದಿಗೆ ತಲೆನೋವು ಅಥವಾ ಚುಕ್ಕೆ ಕಂಡರೆ ಬೆಳಗಾಗುವವರೆಗೆ ಕಾಯದೆ ಹೊರಡಬೇಕೆಂದೂ, ಯಾವ ವೈದ್ಯರ ಬಳಿ ಹೋದರೂ ಮೊದಲು ತೋರಿಸಬೇಕೆಂದೂ ಒಂದು ಚೀಟಿ ಬರೆದುಕೊಟ್ಟೆ. "ಸಿ6 ಪೂರಕ ಪ್ರೋಟೀನಿನ ಕೊರತೆ, ಎರಡು ಬಾರಿ ಮೆನಿಂಗೊಕಾಕಸ್ ಸೋಂಕು, ಸೆಫ್ಟ್ರಿಯಾಕ್ಸೋನ್ ತಡಮಾಡಬೇಡಿ" ಎಂದು ಅದರಲ್ಲಿದೆ. ತಂಗಿಯ ಚೀಟಿಯಲ್ಲಿ ನಡುವಿನ ಸಾಲು ಇಲ್ಲ.

ಜೂನ್‌ನಲ್ಲಿ ಹುಡುಗ ಮೈಸೂರಿಗೆ ಓದಲು ಹೊರಟ. ಹಾಸ್ಟೆಲಿನ ಗುಂಪಿನಲ್ಲಿ ಈ ಬ್ಯಾಕ್ಟೀರಿಯಾ ಗಂಟಲಿನಿಂದ ಗಂಟಲಿಗೆ ದಾಟುವುದು ಹೆಚ್ಚು. ಮನೆಯವರೊಂದಿಗೆ ಮಾತಾಡಿ, ಹಾಸ್ಟೆಲಿನ ಬದಲು ಚಿಕ್ಕಮ್ಮನ ಮನೆಯಲ್ಲಿ ಇರುವುದೆಂದೂ, ಮೊದಲ ವರ್ಷ ಪೆನಿಸಿಲಿನ್ ಮಾತ್ರೆ ಪ್ರತಿದಿನ ತೆಗೆದುಕೊಳ್ಳುವುದೆಂದೂ ತೀರ್ಮಾನಿಸಿದೆವು. ಹೊರಡುವ ಮುನ್ನ ಬಂದಾಗ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಫೋನಿನ ಕವರಿನ ಹಿಂಭಾಗದಲ್ಲಿ ಸೇರಿಸಿಟ್ಟಿದ್ದನ್ನು ತೋರಿಸಿದ. ಲಸಿಕೆಯ ಮುಂದಿನ ಡೋಸ್ ಐದು ವರ್ಷದ ನಂತರ. ಆ ದಿನಾಂಕವನ್ನು ತಾಯಿ ತಮ್ಮ ಪ್ಲಾಸ್ಟಿಕ್ ಕವರಿನ ಮೇಲೆಯೇ ಪೆನ್ನಿನಿಂದ ಬರೆದುಕೊಂಡಿದ್ದಾರೆ.